ಚೌಕಗಳನ್ನು ಮಾತ್ರ ಸರಿಸಿದೆ

ಮರದ ಬಾತುಕೋಳಿಯನ್ನು ಕೋಟಿನೊಳಗೆ ಅವಚಿಕೊಂಡು ನಾನು ರೊಸೇರ್ ಪ್ಲೂರ್ಡ್ ಅವರ ಮನೆಯ ಬಾಗಿಲು ತಟ್ಟಿದಾಗ ಬೆಳಿಗ್ಗೆ ಏಳೂವರೆ. ಹನ್ನೊಂದು ವರ್ಷಗಳಲ್ಲಿ ಆ ಬಾತುಕೋಳಿ ಒಮ್ಮೆಯೂ ನಮ್ಮ ಕಚೇರಿಯ ಹೊಸ್ತಿಲು ದಾಟಿರಲಿಲ್ಲ.

ಬಾಗಿಲು ತೆರೆದವರು ಮೊದಲು ನೋಡಿದ್ದು ನನ್ನನ್ನಲ್ಲ, ಗುಂಡಿಗಳ ನಡುವೆ ಇಣುಕುತ್ತಿದ್ದ ಕೊಕ್ಕನ್ನು.

"ಅದನ್ನ ಯಾಕೆ ತಂದೆ?"

"ಸಂಜೆವರೆಗೆ ಮಾಡೆಲನ್ನ ಯಾರೂ ಮುಟ್ಟಬಾರದು. ಅದಕ್ಕೆ."

"ಕದ್ಕೊಂಡು ಬಂದ್ಯಾ?"

"ಎತ್ಕೊಂಡು ಬಂದೆ. ಎತ್ಕೊಳ್ಳೋ ಹಕ್ಕು ನನಗಿದೆ."

ಅವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಐದು ತಿಂಗಳ ಹಿಂದೆ ಇದೇ ಮೆಟ್ಟಿಲ ಮೇಲೆ ನಿಂತು, ನನ್ನ ತಮ್ಮನನ್ನು ಕೊಂದವನು ನೀನೇ ಎಂದು ಅವರ ಮುಖಕ್ಕೆ ಉಗುಳಿದ್ದೆ. ಕೊಂದವರು ಅವರಲ್ಲ ಎಂದು ನನಗೆ ಗೊತ್ತಾಗಿ ನಾಲ್ಕು ದಿನವಾಗಿತ್ತು.

ಅಡುಗೆಮನೆಯಲ್ಲಿ ಓಟ್ಸ್ ಗಂಜಿಯ ವಾಸನೆ. ಒಳಕೋಣೆಯಲ್ಲಿ ಅವರ ಹೆಂಡತಿ ಜಿನೆಟ್ ಕೆಮ್ಮುತ್ತಿದ್ದಳು. ಬಾತುಕೋಳಿಯನ್ನು ಸಕ್ಕರೆ ಡಬ್ಬಿಯ ಪಕ್ಕ ಇಟ್ಟು ನಾನು ಕಾಗದಗಳನ್ನು ಹರಡಿದೆ.

ನಮ್ಮ ಕಚೇರಿಯಲ್ಲಿ ಯಾರೂ ಪ್ರೋಗ್ರಾಮನ್ನು ಸಾಲು ಸಾಲಾಗಿ ಬರೆಯುವುದಿಲ್ಲ. ಚಿತ್ರ ಬಿಡಿಸುತ್ತೇವೆ. ಥಂಡರ್ ಬೇ ಬಂದರಿನ ಧಾನ್ಯದ ಟರ್ಮಿನಲ್ಲಿನ ಪ್ರತಿ ಕಣಜ, ಪ್ರತಿ ಬಾಗಿಲು, ಪ್ರತಿ ಬೆಲ್ಟು ಒಂದೊಂದು ಚೌಕ. ಯಾವುದು ಯಾವಾಗ ತೆರೆಯಬೇಕು, ಯಾವಾಗ ತೆರೆಯಕೂಡದು ಎನ್ನುವುದು ಚೌಕಗಳ ನಡುವಿನ ಗೆರೆ. ಇದೇ ಮಾಡೆಲ್. ಇದನ್ನು ಓದಿ ಯಂತ್ರಗಳನ್ನು ಓಡಿಸುವ ಪ್ರೋಗ್ರಾಮನ್ನು ಕಂಪ್ಯೂಟರ್ ತಾನೇ ಬರೆದುಕೊಳ್ಳುತ್ತದೆ.

ಮಾಡೆಲ್ ಒಂದು, ಅದನ್ನು ತಿದ್ದುವ ಕೈಗಳು ನಾಲ್ಕು. ಇಬ್ಬರು ಒಟ್ಟಿಗೆ ತಿದ್ದಿದರೆ ಎರಡು ಚಿತ್ರಗಳನ್ನು ಮತ್ತೆ ಒಂದಾಗಿಸುವುದು ದೊಡ್ಡ ಗೋಳು. ಅದಕ್ಕೇ ಬಾತುಕೋಳಿ. ಅದು ಯಾರ ಮೇಜಿನ ಮೇಲಿದೆಯೋ ಅವರು ಮಾತ್ರ ತಿದ್ದಬೇಕು. ಅದು ಕಪಾಟಿಗೆ ಮರಳುವವರೆಗೆ ಉಳಿದವರು ಕೈಕಟ್ಟಿ ಕೂರಬೇಕು. ಕಂಪ್ಯೂಟರಿನೊಳಗೂ ಒಂದು ಬೀಗವಿದೆ. ಆದರೆ ನಾವು ಬೀಗವನ್ನು ಮರೆಯುತ್ತೇವೆ, ಬಾತುಕೋಳಿಯನ್ನು ಮರೆಯುವುದಿಲ್ಲ.

ಕಳೆದ ಅಕ್ಟೋಬರ್ ಮೂರು, ಮಂಗಳವಾರ, ಬಾತುಕೋಳಿ ರೊಸೇರ್ ಮೇಜಿನ ಮೇಲಿತ್ತು. ಅಂದು ಮೂರು ಗಂಟೆ ಹತ್ತು ನಿಮಿಷಕ್ಕೆ ಅವರ ಹೆಸರಿನಲ್ಲಿ ದಾಖಲಾದ ಆವೃತ್ತಿಯಿಂದ ಒಂದು ಗೆರೆ ಕಾಣೆಯಾಗಿತ್ತು. ಕಣಜದ ಮೇಲಿನ ಮುಚ್ಚಳ ತೆರೆದಿದ್ದರೆ ತಳದ ಬಾಗಿಲು ತೆರೆಯಕೂಡದು ಎನ್ನುವ ಗೆರೆ.

ಅದಾದ ಹದಿನಾರನೇ ದಿನ ನನ್ನ ತಮ್ಮ ವೇಯ್ಕೊ ಹದಿನಾಲ್ಕನೇ ಕಣಜದ ಗೋಡೆ ಕೆರೆಯಲು ಮುಚ್ಚಳ ತೆರೆದು ಒಳಗಿಳಿದ. ಅವನ ಕಾಲ ಕೆಳಗೆ ತಳದ ಬಾಗಿಲು ತೆರೆದುಕೊಂಡಿತು. ಗೋಧಿ ಅವನನ್ನು ಎಳೆದುಕೊಂಡಿತು. ಹೊರಗೆ ತೆಗೆಯಲು ಐದು ಗಂಟೆ ಬೇಕಾಯಿತು.

"ನಿನ್ನ ಚಿತ್ರ ನಂಬ್ಕೊಂಡೇ ಅಕ್ಕ ನಾನು ಒಳಗಿಳಿಯೋದು" ಎಂದು ಅವನು ನಗುತ್ತಿದ್ದ.

ರೊಸೇರ್ ಕೆಲಸ ಕಳೆದುಕೊಂಡರು. ಅಷ್ಟು ನನಗೆ ಸಾಲಲಿಲ್ಲ. ಅವರ ಮೇಲೆ ಮೊಕದ್ದಮೆ ಹೂಡಿ ಎಂದು ಕಾರ್ಮಿಕ ಇಲಾಖೆಗೆ ನಾಲ್ಕು ಪುಟ ಬರೆದವಳು ನಾನೇ. ಆ ವಿಚಾರಣೆ ಇಂದು ಮಧ್ಯಾಹ್ನ ಎರಡಕ್ಕೆ.

"ಅವತ್ತು ಜಾಗ ಬದಲಿಸಿದ ಹದಿನೇಳು ಚೌಕ ಇವು" ಎಂದೆ. "ಪಕ್ಕದಲ್ಲಿರೋದು ಪುಟದ ಮೇಲೆ ಅವು ಕೂತಿರೋ ಸ್ಥಾನ. ನಾನೂರ ಹದಿಮೂರು, ಇನ್ನೂರ ಅರವತ್ತೇಳು, ಎಂಟುನೂರ ತೊಂಬತ್ತೊಂದು. ನೀವು ನಿಮ್ಮ ಜನ್ಮದಲ್ಲಿ ಒಂದು ಚೌಕನಾದ್ರೂ ಹೀಗೆ ಇಟ್ಟಿದ್ದೀರಾ?"

ಅವರು ಕನ್ನಡಕವನ್ನು ಹಣೆಗೆ ಏರಿಸಿ ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದರು.

"ನಂದೆಲ್ಲ ಹತ್ತರ ಲೆಕ್ಕ. ನಾನೂರ ಹತ್ತು, ನಾನೂರ ಇಪ್ಪತ್ತು. ಪರದೆ ಮೇಲೆ ಚೌಕುಳಿ ಜಾಲರಿ ಹಾಕ್ಕೊಂಡೇ ಬಿಡಿಸೋದು, ಚೌಕ ತಾನೇ ಹತ್ತಕ್ಕೆ ಕೂರುತ್ತೆ. ಇಲ್ದಿದ್ರೆ ಕಣ್ಣು ಚುಚ್ಚುತ್ತೆ."

"ನಂದೂ ಹತ್ತು. ಬೊದಾನಾದು ಐದು. ಜಾಲರಿ ತೆಗೆದು ಮನಸ್ಸಿಗೆ ಬಂದ ಹಾಗೆ ಇಡೋನು ಒಬ್ಬನೇ."

"ಟಿಸ್ಡೇಲ್ ಅಂದ್ಕೊಂಡ್ಯಾ?"

"ಅಂದ್ಕೊಂಡಿಲ್ಲ. ಅವನ ಹಳೇ ಚಿತ್ರ ಇನ್ನೂರು ತೆಗೆದು ನೋಡಿದ್ದೀನಿ."

ತಿದ್ದುವ ಹಕ್ಕಿದ್ದವರು ನಾಲ್ವರು: ರೊಸೇರ್, ಬೊದಾನಾ, ಟಿಸ್ಡೇಲ್, ನಾನು. ನನ್ನ ಹೆಸರನ್ನು ಮೊದಲ ದಿನವೇ ಹೊಡೆದು ಹಾಕಿದ್ದೆ. ಈಗ ರೊಸೇರ್ ಹೆಸರನ್ನೂ ಹೊಡೆದೆ.

"ಮಂಗಳವಾರ ಮೂರು ಗಂಟೆಗೆ ಎಲ್ಲಿರ್ತಿದ್ರಿ?"

"ಆಸ್ಪತ್ರೆಲಿ. ಜಿನೆಟ್‌ಗೆ ಡಯಾಲಿಸಿಸ್ ಮುಗಿಯೋ ಹೊತ್ತು. ಎರಡೂವರೆಗೆ ಹೊರಟ್ರೆ ವಾಪಸ್ ಬರೋದು ನಾಲ್ಕಕ್ಕೆ."

"ಕಂಪ್ಯೂಟರ್?"

"ತೆರೆದೇ ಇರ್ತಿತ್ತು. ಬಾತುಕೋಳಿ ಮೇಜಿನ ಮೇಲಿರುತ್ತಲ್ಲ, ಯಾರು ಮುಟ್ತಾರೆ ಅಂತ."

"ಇದನ್ನ ಕಂಪನಿಯೋರ ವಿಚಾರಣೆಲಿ ಯಾಕೆ ಹೇಳ್ಲಿಲ್ಲ?"

"ಯಾರೂ ಕೇಳ್ಲಿಲ್ಲ."

ಅದನ್ನು ಅವರು ನನ್ನ ಮುಖ ನೋಡಿ ಹೇಳಲಿಲ್ಲ. ಗಂಜಿಯ ಪಾತ್ರೆ ಎತ್ತಿಕೊಂಡು ತೊಟ್ಟಿಯ ಕಡೆ ತಿರುಗಿದರು.

"ಮಗಳೇ, ಇಲ್ಲಿಗೆ ಬಿಟ್ಬಿಡು. ನನಗೆ ಅರವತ್ತೊಂದು. ನನ್ನಿಂದ ಇನ್ನೇನು ಕಿತ್ಕೋತಾರೆ? ಆ ಪಟ್ಟಿಗಳನ್ನೆಲ್ಲ ಕೆದಕಬೇಡ."

"ಯಾವ ಪಟ್ಟಿ?"

"ಯಾವುದೂ ಇಲ್ಲ. ಕಾಫಿ ಕುಡೀತೀಯಾ?"

ಹೆದರಿದ್ದಾರೆ ಎಂದುಕೊಂಡೆ. ಐದು ತಿಂಗಳಿಂದ ಊರಿನ ಬೆನ್ನುಗಳನ್ನೇ ನೋಡಿದ ಮನುಷ್ಯ, ಹೆದರದೆ ಇನ್ನೇನು. ಬಾತುಕೋಳಿಯನ್ನು ಅವರ ಬಳಿಯೇ ಬಿಟ್ಟು ಹೊರಟೆ. ಟಿಸ್ಡೇಲ್ ನನ್ನ ಮೇಜು, ನನ್ನ ಕಾರು ಎರಡನ್ನೂ ಹುಡುಕಬಲ್ಲ. ರೊಸೇರ್ ಮನೆಗೆ ಅವನು ಕಾಲಿಡಲಾರ.

ಕಚೇರಿಯಲ್ಲಿ ಬೊದಾನಾ ಕ್ವಾಸ್ನಿ ಖಾಲಿ ಕಪಾಟಿನ ಮುಂದೆ ನಿಂತಿದ್ದಳು. ಮಾಡೆಲನ್ನು ಪರೀಕ್ಷಿಸುವ ಕೆಲಸ ಅವಳದು. ಕೈಯಲ್ಲಿ ಗುಲಾಬಿ ಸಕ್ಕರೆ ಬಳಿದ ಪರ್ಷಿಯನ್ ಬನ್ನು. ಮಂಗಳವಾರಕ್ಕೊಂದು ಡಬ್ಬ ತಂದು ಎಲ್ಲರ ಮೇಜಿಗೂ ಹಂಚುವುದು ಟಿಸ್ಡೇಲನ ಅಭ್ಯಾಸ.

"ಬಾತುಕೋಳಿ ಹಾರಿಹೋಗಿದೆ" ಎಂದಳು. "ಟಿಸ್ಡೇಲ್ ಕೆಂಡ ಕಾರ್ತಿದ್ದಾನೆ. ಎರಡು ಗಂಟೆ ಒಳಗೆ ಹೊಸ ಆವೃತ್ತಿ ಹಾಕ್ಬೇಕಂತೆ."

"ಹಾಕಲ್ಲ."

"ಓಹೋ. ಕೋಳಿಕಳ್ಳಿ ನೀನೇನಾ?"

"ಬೊದಾನಾ, ಅಕ್ಟೋಬರ್ ಮೂರಕ್ಕೆ ಮಧ್ಯಾಹ್ನ ಮೂರು ಗಂಟೇಲಿ ಎಲ್ಲಿದ್ದೆ?"

ಬನ್ನು ಬಾಯಿಯ ಹತ್ತಿರ ನಿಂತಿತು. "ಟರ್ಮಿನಲ್‌ನಲ್ಲಿ. ಬೆಲ್ಟು ನೋಡೋಕೆ ಹೋಗಿದ್ದೆ. ಯಾಕೆ, ನನ್ನನ್ನೂ ಹಿಡಿದು ಹಾಕ್ತೀಯಾ?"

"ನಿನ್ನ ಪರೀಕ್ಷೆಲಿ ಆ ಗೆರೆ ಹೋಗಿದ್ದು ಹೇಗೆ ಸಿಗ್ಲಿಲ್ಲ?"

"ಎಷ್ಟು ಸಲ ಹೇಳ್ಲಿ? ಪರೀಕ್ಷೆಗಳೂ ಮಾಡೆಲಿಂದಲೇ ಹುಟ್ಟೋದು. ಗೆರೆ ಹೋದ್ರೆ ಅದರ ಪರೀಕ್ಷೆನೂ ಹೋಗುತ್ತೆ. ಇಲ್ಲದ ನಿಯಮ ಮುರೀತು ಅಂತ ಯಾರು ಬಂದು ಹೇಳ್ಬೇಕು?" ಅವಳು ಉಗುರಿನಿಂದ ಸಕ್ಕರೆಯನ್ನು ಕೆರೆಯತೊಡಗಿದಳು. "ನಿನ್ನ ಮುಖ ನೋಡಿದ್ರೆ ಯಾರನ್ನೋ ಕೊಲ್ಲೋಕೆ ಹೊರಟ ಹಾಗಿದೆ."

"ಕೊಲ್ಲಲ್ಲ. ರೊಸೇರ್‌ಗೆ ಏನಾಯ್ತೋ ಅವನಿಗೂ ಅಷ್ಟೇ ಆಗ್ಬೇಕು. ಒಂದು ಗುಲಗಂಜಿ ಕಡಿಮೆ ಬೇಡ."

"ನೋಡ್ಕೊಂಡು ಮಾಡು, ಐಲಾ" ಎಂದು ಅವಳು ತನ್ನ ಮೇಜಿಗೆ ಹೋದಳು.

ನೋಡಿಕೊಂಡೇ ಮಾಡುತ್ತಿದ್ದೆ. ಅವನ ಹೆಸರು ಬಾಗಿಲಿನಿಂದ ಕಳಚುವುದನ್ನು ನಾನು ನಿಂತು ನೋಡಬೇಕಿತ್ತು. ಅವನು ತರಬೇತಿ ಕೊಡುವ ಹಾಕಿ ಮಕ್ಕಳ ತಾಯಂದಿರು ಅಂಗಡಿಯ ಸಾಲಿನಲ್ಲಿ ಅವನನ್ನು ಕಂಡು ಬೆನ್ನು ತಿರುಗಿಸಬೇಕಿತ್ತು. ರೊಸೇರ್‌ಗೆ ಹಾಗೆಯೇ ತಿರುಗಿಸಿದ್ದರು. ಆ ಬೆನ್ನುಗಳಲ್ಲಿ ಮೊದಲನೆಯದು ನನ್ನದು. ಆ ನಾಚಿಕೆಯನ್ನೂ ಅವನ ತಲೆಗೇ ಕಟ್ಟಬೇಕೆಂದು ನಾನು ತೀರ್ಮಾನಿಸಿದ್ದೆ.

ಒಂದೂ ಇಪ್ಪತ್ತಕ್ಕೆ ಅವನ ಕೋಣೆಗೆ ಹೋದೆ. ಡರ್ವಿನ್ ಟಿಸ್ಡೇಲ್ ನಮ್ಮ ತಂಡದ ಮುಖ್ಯಸ್ಥ. ಅಗಲವಾದ ಭುಜ, ಮೆಲುದನಿ. ಕಿಟಕಿಯಾಚೆ ಸರೋವರ ಇನ್ನೂ ಹೆಪ್ಪುಗಟ್ಟಿಯೇ ಇತ್ತು.

"ಬಾತುಕೋಳಿ ಕೊಡು ಐಲಾ. ಮಕ್ಕಳಾಟ ಸಾಕು."

"ಹೊಸ ಆವೃತ್ತಿಲಿ ಏನಿದೆ?"

"ಏನೂ ಇಲ್ಲಮ್ಮ. ಒಂದಷ್ಟು ಚೌಕ ಸರಿಸ್ಬೇಕು, ಅಷ್ಟೇ."

"ಹದಿನೇಳು ಚೌಕ ತಾನೇ? ಜಾಲರಿಗೆ ಸರಿಯಾಗಿ ಕೂರಿಸೋಕೆ?"

ಅವನ ಕೈಯಲ್ಲಿ ಸುತ್ತುತ್ತಿದ್ದ ಪೆನ್ನು ನಿಂತಿತು. ನಾನು ಕಾಗದವನ್ನು ಅವನ ಮುಂದಿಟ್ಟೆ. ಹದಿನೇಳು ಸಂಖ್ಯೆಗಳು ಒಂದು ಕಡೆ, ಅವನದೇ ಹಳೆಯ ಚಿತ್ರಗಳ ಸಂಖ್ಯೆಗಳು ಇನ್ನೊಂದು ಕಡೆ.

"ಈಗ ಸರಿಸಿದ್ರೂ ಹಳೇ ಆವೃತ್ತಿ ಅಳಿಯಲ್ಲ" ಎಂದೆ. "ಆದರೆ ಇನ್‌ಸ್ಪೆಕ್ಟರ್‌ಗೆ ತೋರಿಸೋ ಪುಟ ಇವತ್ತಿನದಾಗಿರುತ್ತೆ. ಅಷ್ಟೇ ಬೇಕಾಗಿತ್ತು ನಿಮಗೆ."

"ಸಂಖ್ಯೆಗಳು. ಇದನ್ನ ತಗೊಂಡು ನನ್ನನ್ನ ಗಲ್ಲಿಗೆ ಹಾಕ್ತೀಯಾ?"

"ಮುಂದಿನದನ್ನ ಕೇಳಿ."

ಹೋದ ಬೇಸಿಗೆಯಲ್ಲಿ ಮೂರು ಹೊಸ ಕಣಜಗಳಿಗಾಗಿ ನಾವು ಮಾಡೆಲಿನ ಒಂದು ಪ್ರತಿ ತೆಗೆದು ಬೇರೆಯಾಗಿ ಬೆಳೆಸಿದ್ದೆವು. ಕಣ್ಣಿಗೆ ಅಡ್ಡ ಬರುತ್ತವೆ ಎಂದು ಹಳೆಯ ಕಣಜಗಳ ಎಷ್ಟೋ ಗೆರೆಗಳನ್ನು ಆ ಪ್ರತಿಯಿಂದ ತೆಗೆದಿಟ್ಟಿದ್ದೆವು. ಅಕ್ಟೋಬರಿನಲ್ಲಿ ಎರಡನ್ನೂ ಕೂಡಿಸಬೇಕಿತ್ತು. ಎರಡು ಪ್ರತಿಗಳು ಎಲ್ಲೆಲ್ಲಿ ಒಪ್ಪುವುದಿಲ್ಲವೋ ಅಲ್ಲಲ್ಲಿ ಕಂಪ್ಯೂಟರ್ ನಿಂತು ಕೇಳುತ್ತದೆ: ಹಳೆಯದನ್ನು ಇಟ್ಟುಕೊಳ್ಳಲೋ, ಹೊಸದನ್ನೋ? ಅಂದು ಅಂಥ ಪ್ರಶ್ನೆಗಳು ನಲವತ್ತೊಂದು. ಒಂದೊಂದನ್ನೂ ಓದಿ ಉತ್ತರಿಸಲು ರೊಸೇರ್ ಎರಡು ದಿನ ಕೇಳಿದ್ದರು.

"ನೀವು ಎರಡು ದಿನ ಕೊಡ್ಲಿಲ್ಲ" ಎಂದೆ. "ಅವರು ಹೆಂಡತೀನ ಕರ್ಕೊಂಡು ಬರೋಕೆ ಹೋದಾಗ ಅವರ ಕುರ್ಚಿಲಿ ಕೂತು ನಲವತ್ತೊಂದಕ್ಕೂ ಒಂದೇ ಗುಂಡಿ ಒತ್ತಿದ್ರಿ. ಎಲ್ಲಕ್ಕೂ ಹೊಸದು. ಮುಚ್ಚಳದ ಗೆರೆ ಅಲ್ಲೇ ಹೋಯ್ತು. ಆಮೇಲೆ ಪುಟ ಚೆಂದ ಕಾಣ್ಲಿ ಅಂತ ಹದಿನೇಳು ಚೌಕ ಸರಿಸಿ ಒಂದು ಸಾಲು ಬರೆದ್ರಿ. ಚೌಕಗಳನ್ನು ಮಾತ್ರ ಸರಿಸಿದೆ."

ಅವನು ಬಾಗಿಲು ಮುಚ್ಚಿದೆಯೇ ಎಂದು ನೋಡಿದ.

"ಶುಕ್ರವಾರ ಒಪ್ಪಿಸ್ಬೇಕಿತ್ತು. ಆ ಮುದುಕ ಒಂದೊಂದು ಗೆರೆಗೂ ಅರ್ಧ ಗಂಟೆ ತಗೋತಿದ್ದ. ನಿನಗೂ ಗೊತ್ತು, ನೀನೂ ಬೈದುಕೊಂಡಿದ್ದೆ."

"ನನ್ನ ತಮ್ಮನ ಮಣ್ಣಾದ ದಿನ ನಮ್ಮನೆಗೆ ಬಂದಿದ್ದೆ ನೀನು."

"ಐಲಾ."

"ಅಮ್ಮ ಕೊಟ್ಟ ಕಾಫಿ ಕುಡಿದೆ. ಪ್ಲೂರ್ಡ್‌ನ ಸುಮ್ನೆ ಬಿಡಲ್ಲ ಅಂತ ಅವಳ ಕೈ ಹಿಡ್ಕೊಂಡು ಹೇಳ್ದೆ. ಆ ಕೈನ ಇವತ್ತು ನಾನು ಮುರೀತೀನಿ. ಎರಡು ಗಂಟೆಗೆ."

ಅವನು ಹೆದರುತ್ತಾನೆ ಎಂದು ನಾಲ್ಕು ದಿನ ಕಾದಿದ್ದೆ. ಅವನು ಹೆದರಲಿಲ್ಲ. ಖಾನೆ ಎಳೆದು, ಆಗಲೇ ಮುದ್ರಿಸಿ ಇಟ್ಟಿದ್ದ ಒಂದು ಹಾಳೆಯನ್ನು ತೆಗೆದ.

"ಪ್ರತಿ ಆವೃತ್ತಿನೂ ಇನ್ನೊಬ್ರು ನೋಡಿ ಒಪ್ಪಬೇಕು. ಅದು ಮರೆತೇಹೋಯ್ತಾ?"

ಮರೆತಿರಲಿಲ್ಲ. ಒಪ್ಪಿಗೆಯ ಪಟ್ಟಿ ಮೊದಲು ರೊಸೇರ್ ಕೈಯಲ್ಲಿತ್ತು. ಅವರು ಹೋದ ಮೇಲೆ ಟಿಸ್ಡೇಲ್ ಕೈ ಸೇರಿತು. ನನಗೆ ಅದು ತೆರೆಯುತ್ತಿರಲಿಲ್ಲ. ಒಪ್ಪಿಗೆಯನ್ನೂ ಅವನೇ ಒತ್ತಿಕೊಂಡಿರಬೇಕು ಎಂದು ನಾನು ಊಹಿಸಿ ಸುಮ್ಮನಾಗಿದ್ದೆ.

ಹಾಳೆಯನ್ನು ಅವನು ನನ್ನ ಕಡೆ ತಿರುಗಿಸಿದ.

ಅಕ್ಟೋಬರ್ ಮೂರು. ಮೂರು ಗಂಟೆ ಹದಿನಾಲ್ಕು ನಿಮಿಷ. ನೋಡಿ ಒಪ್ಪಿದವರು: ಐಲಾ ಕಿವೆಲಾ.

"ನಾಲ್ಕೇ ನಿಮಿಷ" ಎಂದ ಟಿಸ್ಡೇಲ್. "ಅದರಲ್ಲಿ ಮೂರು ನಿಮಿಷ ನೀನು ನಾನು ಕೊಟ್ಟ ಬನ್ನು ತಿಂತಿದ್ದೆ."

ಕೈಗೆ ಅಂಟಿದ ಸಕ್ಕರೆ ನೆನಪಾಯಿತು. ಮೌಸಿನ ಮೇಲೆ ಗುಲಾಬಿ ಕಲೆ ಆಗಿತ್ತು, ಒದ್ದೆ ಬಟ್ಟೆಯಲ್ಲಿ ಒರೆಸಿದ್ದೆ. ಪರದೆಯ ಮೇಲೆ ಏನಿತ್ತು ಎನ್ನುವುದು ಮಾತ್ರ ನೆನಪಾಗಲಿಲ್ಲ. ಚೌಕಗಳನ್ನು ಮಾತ್ರ ಸರಿಸಿದೆ ಎಂದಿದ್ದರೆ ನಾವು ಯಾರೂ ತೆರೆದು ನೋಡುತ್ತಿರಲಿಲ್ಲ. ವಾರಕ್ಕೆ ಐವತ್ತು ಬರುತ್ತಿದ್ದವು. ಒತ್ತುವುದು, ಮುಂದಿನದು, ಒತ್ತುವುದು.

ತೆರೆದಿದ್ದರೆ ಕಾಣುತ್ತಿತ್ತು. ಅಳಿದ ಗೆರೆ ಅಲ್ಲಿ ಕೆಂಪಾಗಿ ಕಾಣುತ್ತದೆ.

"ನಿನ್ನ ಸಂಖ್ಯೆಗಳನ್ನ ನೀನು ಒಳಗಿಟ್ಕೋ, ಈ ಹಾಳೇನ ನಾನು ಒಳಗಿಟ್ಕೋತೀನಿ" ಎಂದ. "ಪ್ಲೂರ್ಡ್ ಹೇಗೂ ಬಾಯಿ ಬಿಡಲ್ಲ. ನಿಮ್ಮಮ್ಮ ಇದನ್ನ ಓದೋದು ಬೇಡ. ಇದು ನಿನ್ನ ಪ್ರತಿ, ಇಟ್ಕೋ. ನನ್ನ ಹತ್ರ ಇನ್ನೊಂದಿದೆ."

ಅಷ್ಟರಲ್ಲಿ ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರ್ ನಬಿಗನ್ ಬಂದರು. ಮುಖ್ಯಸ್ಥರನ್ನು ಮೊದಲು ಕೇಳುತ್ತೇನೆ ಎಂದು ಅವನನ್ನು ಸಭಾಕೋಣೆಗೆ ಕರೆದುಕೊಂಡು ಹೋದರು.

ಓಣಿಯ ಬೆಂಚಿನ ಮೇಲೆ ರೊಸೇರ್ ಕೂತಿದ್ದರು. ಮದುವೆ, ಸಾವುಗಳಿಗೆ ಹಾಕುವ ಕಂದು ಸೂಟು. ತೊಡೆಯ ಮೇಲೆ ಬಾತುಕೋಳಿ. ನನ್ನ ಕೈಯಲ್ಲಿದ್ದ ಹಾಳೆಯನ್ನು ಕಂಡು ಕಣ್ಣು ಮುಚ್ಚಿಕೊಂಡರು.

"ತೋರಿಸಿಬಿಟ್ನಾ?"

"ನಿಮಗೆ ಗೊತ್ತಿತ್ತು."

"ಪಟ್ಟಿ ನನ್ನ ಹತ್ರ ಇತ್ತಲ್ಲಮ್ಮ. ಕೆಲಸದಿಂದ ತೆಗೆಯೋಕೆ ಮುಂಚಿನ ದಿನ ನೋಡ್ದೆ."

"ಅದಕ್ಕೇ ಆಸ್ಪತ್ರೆಗೆ ಹೋಗಿದ್ದು ಹೇಳ್ಲಿಲ್ಲ."

"ಅದು ನಾನಲ್ಲ ಅಂದ್ರೆ, ಹಾಗಾದ್ರೆ ಯಾರು ಅಂತ ಕೇಳ್ತಾರೆ. ಒಪ್ಪಿದ್ದು ಯಾರು ಅಂತಾನೂ ಕೇಳ್ತಾರೆ." ಅವರು ಬಾತುಕೋಳಿಯ ಬೆನ್ನು ಸವರಿದರು. "ನಿನ್ನ ತಮ್ಮನ್ನ ಮಣ್ಣು ಮಾಡಿ ಮೂರು ದಿನ ಆಗಿತ್ತು. ನಿನ್ನ ಹತ್ರ ಹೇಗೆ ಹೇಳ್ಲಿ?"

"ನಾನು ನಿಮ್ಮ ಮುಖಕ್ಕೆ ಉಗುಳಿದ್ದೆ."

"ಒರೆಸಿಕೊಂಡೆ ಬಿಡು. ನಾನು ಒಳಗೆ ಹೋಗಿ ನಾನೇ ಅಂತೀನಿ. ಅಲ್ಲಿಗೆ ಮುಗೀತು. ನಿಮ್ಮಮ್ಮನಿಗೆ ಇರೋ ಒಂದು ಮಗು ಉಳೀಲಿ."

ಬಾಗಿಲು ತೆರೆಯಿತು. ಮುಂದೆ ಯಾರು ಬರುತ್ತೀರಿ ಎಂದು ಇನ್‌ಸ್ಪೆಕ್ಟರ್ ಕೇಳಿದರು. ರೊಸೇರ್ ಬೆಂಚು ಹಿಡಿದು ಏಳತೊಡಗಿದರು.

ನಾನು ಬಾಗಿ ಅವರ ಕೈಯಿಂದ ಬಾತುಕೋಳಿಯನ್ನು ಎತ್ತಿಕೊಂಡೆ.

"ಇದು ಈಗ ನನ್ನ ಹತ್ರ ಇದೆ ರೊಸೇರ್. ಬೇರೆ ಯಾರೂ ಏನೂ ತಿದ್ದೋ ಹಾಗಿಲ್ಲ. ಕೂತ್ಕೊಳ್ಳಿ."

ಹನ್ನೊಂದು ವರ್ಷದ ಅಭ್ಯಾಸ. ಅವರು ಕೂತರು.

ಒಳಗೆ ಉದ್ದ ಮೇಜಿನ ಆಚೆ ಟಿಸ್ಡೇಲ್ ಇದ್ದ. ಅವನ ಪಕ್ಕದಲ್ಲಿ, ನಾನು ನಿರೀಕ್ಷಿಸಿರದ ಬೊದಾನಾ. ನಾನು ಬಾತುಕೋಳಿಯನ್ನು ಮೇಜಿನ ನಡುವೆ ಇಟ್ಟು, ಅದರ ಮುಂದೆ ಸಂಖ್ಯೆಗಳ ಕಾಗದವನ್ನೂ ನನ್ನ ಹೆಸರಿದ್ದ ಹಾಳೆಯನ್ನೂ ಇಟ್ಟೆ. ನಾನು ಬಿದ್ದರೆ ಅವನ ಕಾಲು ಹಿಡಿದೇ ಬೀಳುತ್ತೇನೆ ಎಂದು ತೀರ್ಮಾನಿಸಿದ್ದೆ.

"ಇದನ್ನ ನೋಡಿ ಒಪ್ಪಿದ್ದು ನಾನು" ಎಂದೆ. "ನೋಡದೇ ಒಪ್ಪಿದೆ. ಅದನ್ನ ಮೊದಲು ಬರ್ಕೊಳ್ಳಿ. ಆಮೇಲೆ ಅವನದನ್ನ ಹೇಳ್ತೀನಿ."

ಇನ್‌ಸ್ಪೆಕ್ಟರ್ ನಬಿಗನ್ ಹಾಳೆಗಳನ್ನು ಮುಟ್ಟಲಿಲ್ಲ.

"ಮಿಸ್ ಕಿವೆಲಾ, ಇನ್ನೇನೂ ಹೇಳ್ಬೇಡಿ. ವಕೀಲರನ್ನ ಕರೆಸ್ಕೊಳ್ಳೋ ಹಕ್ಕು ನಿಮಗಿದೆ."

"ಒಪ್ಪಿದ್ದು ನಾನೇ ಅಂತ ಹೇಳ್ತಿದ್ದೀನಲ್ಲ."

"ಒಪ್ಪಿದ್ದರ ಮಾತಲ್ಲ. ಅವತ್ತು ಮೂರು ಗಂಟೆಗೆ ಪ್ಲೂರ್ಡ್ ಅವರ ಕುರ್ಚಿಲಿ ಕೂತು ಆ ಗೆರೆ ಅಳಿಸಿದ್ದೂ ನೀವೇ ಅಂತ ಹೇಳಿಕೆ ಬಂದಿದೆ. ಪಕ್ಕದ ಮೇಜಿಂದ ಕಣ್ಣಾರೆ ನೋಡಿದೋರು ಸಹಿ ಮಾಡಿದ್ದಾರೆ."

ನಾನು ಟಿಸ್ಡೇಲ್ ಕಡೆ ತಿರುಗಿದೆ. ಇನ್‌ಸ್ಪೆಕ್ಟರ್ ಕಣ್ಣು ಅವನ ಮೇಲಿರಲಿಲ್ಲ.

ಆ ಹೊತ್ತಿಗೆ ಟರ್ಮಿನಲ್‌ನಲ್ಲಿದ್ದೆ ಎಂದು ಬೆಳಿಗ್ಗೆಯಷ್ಟೇ ನನಗೆ ಹೇಳಿದ್ದ ಬೊದಾನಾ ತಲೆ ಎತ್ತಲಿಲ್ಲ. ಉಗುರಿನ ಸಂದಿಯಲ್ಲಿ ಉಳಿದಿದ್ದ ಗುಲಾಬಿ ಸಕ್ಕರೆಯನ್ನು ಒಂದೊಂದು ಕಣವಾಗಿ ಕೆರೆದು ತೆಗೆಯುತ್ತಿದ್ದಳು.